ರಾಗಿ, ಬರ ಮತ್ತು ನೀಲಗಿರಿ: ಕೋಲಾರ ಸೀಮೆಯ ಆಹಾರಚರಿತ್ರೆಯಲ್ಲಿ ಕಾರಣನಿರೂಪಣೆಯ ವಿಮರ್ಶೆ

೧

ಚರಿತ್ರೆಯ ಬರವಣಿಗೆಯಲ್ಲಿ ಸುಲಭವಾಗಿ ಬರೆದುಬಿಡಬಹುದಾದ, ಆದರೆ ಬಹು ಕಷ್ಟದಿಂದ ಸಮರ್ಥಿಸಬೇಕಾದ ಪದ ಯಾವುದೆಂದು ಕೇಳಿದರೆ, 'ಆದುದರಿಂದ' ಎಂಬುದೇ ಆ ಪದವೆಂದು ನಾವು ಹೇಳುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರುಗಳ ಊಟ, ಬೆಳೆ, ಬರಗಳನ್ನು ಕುರಿತು ಬರೆದ ಪ್ರಬಂಧಗಳನ್ನು ನಾವು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇವೆ. ಅವುಗಳಲ್ಲಿ ಶ್ರದ್ಧೆಯಿದೆ, ಊರ ಹಿರಿಯರನ್ನು ಕೇಳಿ ಸಂಗ್ರಹಿಸಿದ ಸಾಮಗ್ರಿಯಿದೆ, ಕೆಲವೆಡೆ ನಿಜವಾದ ಸಂಕಟವೂ ಇದೆ. ಆದರೆ ಎರಡು ವಾಕ್ಯಗಳು ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. 'ಮಳೆ ಬರಲಿಲ್ಲ, ಆದುದರಿಂದ ಜನ ಸತ್ತರು' ಎಂಬುದು ಒಂದು. ಇದು ೧೮೭೬-೭೮ರ ಮಹಾಕ್ಷಾಮವನ್ನು ಕುರಿತದ್ದು. 'ನೀಲಗಿರಿ ಬಂದಿತು, ಆದುದರಿಂದ ರಾಗಿ ಹೋಯಿತು' ಎಂಬುದು ಇನ್ನೊಂದು. ಇದು ೧೯೭೦ರ ದಶಕದಿಂದ ಈಚಿನ ಸಂಗತಿ.

ಈ ದೋಷವನ್ನು ವಿದ್ಯಾರ್ಥಿಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅಚ್ಚಾದ ಗ್ರಂಥಗಳಲ್ಲಿಯೂ, ಸಭೆಗಳ ಭಾಷಣಗಳಲ್ಲಿಯೂ, ನಾವು ತರಗತಿಯಲ್ಲಿ ಬರೆಯಿಸುವ ಟಿಪ್ಪಣಿಗಳಲ್ಲಿಯೂ ಇವೇ ವಾಕ್ಯಗಳು ಸ್ವಲ್ಪ ವೇಷ ಬದಲಿಸಿ ನಿಂತಿವೆ. ಎರಡು ವಾಕ್ಯಗಳೂ ಸುಳ್ಳಲ್ಲ. ಅಂತೆಯೇ ಎರಡೂ ಪೂರ್ತಿ ನಿಜವಲ್ಲ. ಅವುಗಳಲ್ಲಿ ಎಷ್ಟು ಅಂಶ ನಿಲ್ಲುತ್ತದೆ, ಎಷ್ಟು ಉದುರುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ಕೇವಲ ತರ್ಕದ ವಿನೋದವಲ್ಲ. ಕಾರಣವನ್ನು ಹೇಳುವವನು ಹೊಣೆಯನ್ನೂ ಹಂಚುತ್ತಾನೆ, ಪರಿಹಾರವನ್ನೂ ಸೂಚಿಸುತ್ತಾನೆ. ಅನ್ನದ ವಿಷಯದಲ್ಲಿ ತಪ್ಪು ಕಾರಣವನ್ನು ಹೇಳಿದರೆ, ಹೊಣೆಗಾರನು ಪಾರಾಗುತ್ತಾನೆ. ಹಸಿದವನು ಹಸಿದೇ ಉಳಿಯುತ್ತಾನೆ.

೨

ಕಾರಣವೆಂದರೇನು ಎಂಬ ಪ್ರಶ್ನೆಗೆ ನಮ್ಮ ತಾರ್ಕಿಕರು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಕಾರ್ಯಕ್ಕೆ ಮುಂಚೆ ನಿಯಮದಿಂದ ಇರತಕ್ಕದ್ದು, ಮತ್ತು ಅನ್ಯಥಾಸಿದ್ಧವಲ್ಲದ್ದು ಕಾರಣ. ಕುಂಬಾರನ ಕತ್ತೆಯನ್ನು ಅವರು ಉದಾಹರಣೆಯಾಗಿ ಕೊಡುತ್ತಾರೆ. ಗಡಿಗೆಗೆ ಬೇಕಾದ ಮಣ್ಣನ್ನು ಕತ್ತೆ ಹೊತ್ತು ತಂದಿರಬಹುದು. ಗಡಿಗೆ ಹುಟ್ಟುವುದಕ್ಕೆ ಮುಂಚೆ ಕತ್ತೆ ಅಲ್ಲಿಯೇ ನಿಂತಿದ್ದಿರಬಹುದು. ಆದರೂ ಕತ್ತೆ ಗಡಿಗೆಗೆ ಕಾರಣವಲ್ಲ. ಏಕೆಂದರೆ ಕತ್ತೆಯಿಲ್ಲದೆಯೂ ಮಣ್ಣು ಬರಬಹುದಾಗಿತ್ತು. ಮಣ್ಣು, ಚಕ್ರ, ಕುಂಬಾರ ಇವು ಕಾರಣಗಳು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಇರುವ ಸಂಬಂಧವನ್ನು ಕಾಕತಾಲೀಯವೆಂದು ಕರೆದು ಅವರು ಬೇರೆಯಾಗಿಯೇ ಇಟ್ಟರು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗದು.

ಇವರ ಇನ್ನೊಂದು ಉಪಕರಣ ಅನ್ವಯ-ವ್ಯತಿರೇಕ: ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದು ಇಲ್ಲ. ಚರಿತ್ರೆಯನ್ನು ಬರೆಯುವವರಿಗೆ ಇದರಲ್ಲಿ ವ್ಯತಿರೇಕವೇ ಹೆಚ್ಚು ಮುಖ್ಯ. ಮಳೆ ಹೋದ ವರ್ಷಗಳಲ್ಲಿ ಜನ ಸತ್ತದ್ದನ್ನು ತೋರಿಸಿದರೆ ಸಾಲದು. ಮಳೆ ಹೋದರೂ ಜನ ಸಾಯದಿದ್ದ ವರ್ಷಗಳನ್ನು ಏನು ಮಾಡುವಿರಿ ಎಂಬ ಪ್ರಶ್ನೆಗೂ ಉತ್ತರ ಬೇಕು. ಆಹಾರದ ವಿಷಯದಲ್ಲಿ ಇದಕ್ಕೆ ಮೂರು ಉಪಪ್ರಶ್ನೆಗಳನ್ನು ಸೇರಿಸಬಹುದೆಂದು ನಮ್ಮ ಅಭಿಪ್ರಾಯ. ಯಾವುದಕ್ಕೆ ಹೋಲಿಸಿ ಈ ಮಾತನ್ನು ಹೇಳುತ್ತೇವೆ? ನಡುವೆ ಯಾರು ಏನನ್ನು ನಿಶ್ಚಯಿಸಿದರು? ಕೊನೆಗೆ ಕೊರತೆ ಯಾರ ಮನೆಯ ಒಲೆಯನ್ನು ಮುಟ್ಟಿತು? ಈ ಮೂರನ್ನು ಕೈಯಲ್ಲಿ ಹಿಡಿದು ಮೇಲಿನ ಎರಡು ವಾಕ್ಯಗಳನ್ನು ನೋಡೋಣ.

೩

ಮೊದಲು ಕ್ಷಾಮ. ೧೮೭೬-೭೭ ಧಾತು ಸಂವತ್ಸರ; ೧೮೭೭-೭೮ ಈಶ್ವರ. ಹಿರಿಯರ ಮಾತಿನಲ್ಲಿ ಈ ಕ್ಷಾಮಕ್ಕೆ ಧಾತು-ಈಶ್ವರದ ಬರವೆಂದೇ ಹೆಸರು. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ೧೮೩೧ರಲ್ಲಿ ಆರಂಭವಾದ ಆ ಆಡಳಿತ ೧೮೮೧ರಲ್ಲಿ ಕೊನೆಗೊಂಡಿತು. ೧೮೭೧ರ ಗಣತಿಯಂತೆ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರ ಗಣತಿಯಂತೆ ೪೧,೮೬,೧೮೮. ಕೋಲಾರ ಜಿಲ್ಲೆಯಲ್ಲಿ ಇಳಿತವು ಸಂಸ್ಥಾನದ ಸರಾಸರಿಗಿಂತಲೂ ಹೆಚ್ಚು. ಸ್ಥೂಲವಾಗಿ ನಾಲ್ವರಲ್ಲಿ ಒಬ್ಬರಷ್ಟು ಕಡಿಮೆಯಾಯಿತು.

ಇಲ್ಲಿಯೇ ಮೊದಲ ಎಚ್ಚರಿಕೆ ಬೇಕು. ಎರಡು ಗಣತಿಗಳ ಅಂತರವಾದ ೮,೬೯,೨೨೪ನ್ನು ಅನೇಕರು ನೇರವಾಗಿ 'ಕ್ಷಾಮದಲ್ಲಿ ಸತ್ತವರ ಸಂಖ್ಯೆ' ಎಂದು ಬರೆಯುತ್ತಾರೆ. ಈ ಅಂತರದಲ್ಲಿ ಊರು ಬಿಟ್ಟು ಹೋಗಿ ಹಿಂತಿರುಗದವರು ಸೇರಿದ್ದಾರೆ. ಆ ವರ್ಷಗಳಲ್ಲಿ ಹುಟ್ಟದೆ ಹೋದ ಮಕ್ಕಳ ಲೆಕ್ಕವೂ ಸೇರಿದೆ. ಇನ್ನೊಂದು ಕಡೆ, ೧೮೭೧ರಿಂದ ೧೮೭೬ರವರೆಗೆ ಜನಸಂಖ್ಯೆ ಬೆಳೆದಿದ್ದರೆ, ಮತ್ತು ಕ್ಷಾಮ ಮುಗಿದ ಮೇಲೆ ಚೇತರಿಸಿಕೊಂಡಿದ್ದರೆ, ನಿಜವಾದ ಸಾವು ಈ ಅಂತರಕ್ಕಿಂತ ಹೆಚ್ಚೂ ಆಗಿರಬಹುದು. ಅಂದರೆ ಈ ಅಂಕಿ ದುರಂತದ ಗಾತ್ರವನ್ನು ಸೂಚಿಸುತ್ತದೆ. ಅದರ ಕಾರಣವನ್ನಾಗಲಿ ಸಾವಿನ ಖಚಿತ ಲೆಕ್ಕವನ್ನಾಗಲಿ ಹೇಳುವುದಿಲ್ಲ.

ಇನ್ನು ಕಾರಣದ ಮಾತು. ಮಳೆ ಹೋದದ್ದು ನಿರ್ವಿವಾದ. ೧೮೭೬ರಲ್ಲಿ ಮುಂಗಾರು ಹಿಂಗಾರುಗಳೆರಡೂ ದಕ್ಷಿಣ ಪ್ರಸ್ಥಭೂಮಿಯ ಬಹುಭಾಗದಲ್ಲಿ ಕೈಕೊಟ್ಟವು. ಮದರಾಸು, ಮುಂಬಯಿ, ಹೈದರಾಬಾದು ಪ್ರಾಂತಗಳೂ ಇದಕ್ಕೆ ಸಿಕ್ಕಿದವು. ಆದರೆ ಕೋಲಾರ ಸೀಮೆಗೆ ಮಳೆಯ ಅಭಾವ ಹೊಸದಲ್ಲ. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ, ವರ್ಷಕ್ಕೆ ಸುಮಾರು ೭೦೦ರಿಂದ ೭೫೦ ಮಿಲಿಮೀಟರು ಮಳೆಯನ್ನು ನಂಬಿದ ಈ ನಾಡು ಆ ಕಾರಣದಿಂದಲೇ ಸಾವಿರಾರು ಕೆರೆಗಳನ್ನು ಕಟ್ಟಿತು, ಕೆಡದೆ ಬಹುಕಾಲ ನಿಲ್ಲುವ ರಾಗಿಯನ್ನು ಹಗೇವುಗಳಲ್ಲಿ ತುಂಬಿಟ್ಟಿತು. ಹಾಗಿದ್ದ ಮೇಲೆ, ಮಳೆ ಹೋದ ಪ್ರತಿಯೊಂದು ವರ್ಷವೂ ಏಕೆ ಧಾತು-ಈಶ್ವರವಾಗಲಿಲ್ಲ? ಹಗೇವು ಯಾರಲ್ಲಿತ್ತು, ಯಾರಲ್ಲಿರಲಿಲ್ಲ? ಒಂದು ವರ್ಷದ ಅಭಾವವನ್ನು ತಡೆದ ಹಗೇವು ಎರಡನೆಯ ವರ್ಷಕ್ಕೆ ಬರಿದಾದಾಗ, ದಿನಗೂಲಿಯವನ ಗತಿಯೇನು?

ರೈಲಿನ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ಜೋಲಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿ ೧೮೬೪ರಲ್ಲಿಯೇ ಮಾಲೂರಿನ ಮೇಲೆ ಹಾದಿತ್ತು. ಒಂದು ಪಕ್ಷದವರು 'ರೈಲು ಧಾನ್ಯವನ್ನು ತಂದು ಜನರನ್ನು ಉಳಿಸಿತು' ಎಂದು ಬರೆಯುತ್ತಾರೆ. ಇನ್ನೊಂದು ಪಕ್ಷದವರು 'ರೈಲು ಧಾನ್ಯವನ್ನು ಹೊತ್ತುಹೋಗಿ ಜನರನ್ನು ಕೊಂದಿತು' ಎನ್ನುತ್ತಾರೆ. ನಮಗೆ ತೋರುವಂತೆ ಎರಡೂ ಪಕ್ಷದವರು ಕುಂಬಾರನ ಕತ್ತೆಯ ವಿಷಯವಾಗಿ ಜಗಳವಾಡುತ್ತಿದ್ದಾರೆ. ರೈಲು ಬೆಲೆ ಇರುವ ಕಡೆಗೆ ಧಾನ್ಯವನ್ನು ಒಯ್ಯುತ್ತದೆ. ಹಸಿವು ಇರುವ ಕಡೆಗಲ್ಲ. ಮಾಲೂರಿನ ನಿಲ್ದಾಣದಲ್ಲಿ ಚೀಲ ಇಳಿದರೂ, ಕೂಲಿಯಿಲ್ಲದವನಿಗೆ ಆ ಚೀಲ ಬೆಂಗಳೂರಿನಲ್ಲಿದ್ದಷ್ಟೇ ದೂರ. ರೈಲಿಲ್ಲದ ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಿಗೆ ಧಾನ್ಯ ಬಂಡಿಯ ಮೇಲೆಯೇ ಹೋಗಬೇಕಾಗಿತ್ತು. ಮೇವಿಲ್ಲದೆ ಎತ್ತುಗಳು ಬಿದ್ದುಹೋದ ಮೇಲೆ ಬಂಡಿಯನ್ನು ಎಳೆಯುವವರಾರು?

ಸರ್ಕಾರದ ನಿರ್ಧಾರಗಳೂ ಈ ಕಾರಣಸರಣಿಯ ಕೊಂಡಿಗಳೇ. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಆಗಿನ ಭಾರತ ಸರ್ಕಾರದ ನೀತಿಯಾಗಿತ್ತು. ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ೪೫೦ ಗ್ರಾಮಿನಷ್ಟು, ಧಾನ್ಯಕ್ಕೆ ಸಮನಾದ ಕೂಲಿಯೂ ಮೇಲೆ ಅಲ್ಪ ಕಾಸೂ ಗೊತ್ತಾದವು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. 'ಮಳೆ ಬರಲಿಲ್ಲ, ಆದುದರಿಂದ ಜನ ಸತ್ತರು' ಎಂಬ ವಾಕ್ಯದಲ್ಲಿ ಈ ಪೌಂಡಿಗೆ ಸ್ಥಳವಿಲ್ಲ. ಆ ವಾಕ್ಯದಲ್ಲಿ ಆಕಾಶವಿದೆ, ಹೆಣವಿದೆ. ನಡುವೆ ಮನುಷ್ಯರಾರೂ ಇಲ್ಲ.

ಬರವು ಮೊದಲು ನಿಲ್ಲಿಸುವುದು ಹೊಲದ ಕೆಲಸವನ್ನು, ಅದರಿಂದ ಕೂಲಿಯನ್ನು ಎಂಬ ತಿಳಿವಳಿಕೆಯನ್ನು ೧೮೮೦ರ ಕ್ಷಾಮ ಆಯೋಗವೇ ದಾಖಲಿಸಿತು. ಸುಮಾರು ಒಂದು ಶತಮಾನದ ಬಳಿಕ, ೧೯೮೧ರಲ್ಲಿ, ಅಮರ್ತ್ಯ ಸೇನರು ೧೯೪೩ರ ಬಂಗಾಳದ ಕ್ಷಾಮವೇ ಮೊದಲಾದವನ್ನು ಆಧಾರವಾಗಿಟ್ಟುಕೊಂಡು, ಆಹಾರವಿರುವುದು ಬೇರೆ, ಅದನ್ನು ಪಡೆಯುವ ಹಕ್ಕು ಮತ್ತು ಶಕ್ತಿ ಇರುವುದು ಬೇರೆ ಎಂಬುದನ್ನು ಸಿದ್ಧಾಂತವಾಗಿ ರೂಪಿಸಿದರು. ಇದು ಬಹು ದೊಡ್ಡ ಉಪಕಾರ. ಆದರೆ ಇದನ್ನು ಓದಿದ ಕೆಲವರು ಈಗ 'ಆಹಾರವಿತ್ತು, ಸರ್ಕಾರ ಕೊಡಲಿಲ್ಲ, ಆದುದರಿಂದ ಸತ್ತರು' ಎಂದು ಬರೆಯತೊಡಗಿದ್ದಾರೆ. ಒಂದು ಏಕಕಾರಣವನ್ನು ಓಡಿಸಿ ಇನ್ನೊಂದು ಏಕಕಾರಣವನ್ನು ಕೂರಿಸುವುದು ವಿಮರ್ಶೆಯಲ್ಲ. ಬಂಗಾಳದ ತೀರ್ಮಾನವನ್ನು ಕೋಲಾರಕ್ಕೆ ಹಾಗೆಯೇ ಅಂಟಿಸಲಾಗದು. ಧಾತು-ಈಶ್ವರದಲ್ಲಿ ರಾಗಿಯೇ ಬೆಳೆಯಲಿಲ್ಲ. ಅದರ ಮೇಲೆ ಕೂಲಿಯೂ ನಿಂತಿತು. ಎರಡನ್ನೂ ಹೇಳುವವನೇ ನಿಜಕ್ಕೆ ಹತ್ತಿರವಿರುತ್ತಾನೆ.

೪

ಈಗ ನೀಲಗಿರಿಯ ವಾಕ್ಯ. ಇಲ್ಲಿ ನಮ್ಮ ಜಿಲ್ಲೆಯನ್ನೇ ಕುರಿತ ಒಂದು ಪ್ರಸಿದ್ಧ ಅಧ್ಯಯನವಿದೆ. ವಂದನಾ ಶಿವ, ಶರತ್ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಇವರು ಕೋಲಾರದಲ್ಲಿ ಸಾಮಾಜಿಕ ಅರಣ್ಯದ ಪರಿಣಾಮಗಳನ್ನು ಪರಿಶೀಲಿಸಿ ಬರೆದ ವರದಿಯನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ೧೯೮೧ರಲ್ಲಿ ಹೊರತಂದಿತು. ಬಡವರ ಸೌದೆಗಾಗಿ ಎಂದು ಹೇಳಿದ ಯೋಜನೆಯು ವಾಸ್ತವವಾಗಿ ಆಹಾರ ಬೆಳೆಯುವ ಬೆದ್ದಲು ಹೊಲಗಳನ್ನು ಮರದ ತೋಪುಗಳನ್ನಾಗಿ ಮಾಡಿತು, ಕೂಲಿಯವರ ಕೆಲಸವನ್ನು ಕಸಿಯಿತು ಎಂಬುದು ಅದರ ಮುಖ್ಯ ವಾದ. ಈ ವರದಿಯ ಗುಣವನ್ನು ಮೊದಲು ಹೇಳಬೇಕು. ಎಷ್ಟು ಗಿಡ ನೆಟ್ಟರು ಎಂಬ ಲೆಕ್ಕಕ್ಕೆ ತೃಪ್ತಿಪಡದೆ, ಯಾರ ಹೊಲದಲ್ಲಿ ನೆಟ್ಟರು, ಯಾರಿಗೆ ನಷ್ಟವಾಯಿತು ಎಂದು ಅದು ಕೇಳಿತು. ೧೯೮೩ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿಯ ಸಸಿಗಳನ್ನು ಕಿತ್ತೆಸೆದ ವೇಳೆಗೆ ಈ ಪ್ರಶ್ನೆ ವಿದ್ವಾಂಸರ ಕೋಣೆಯಿಂದ ಬೀದಿಗೆ ಬಂದಿತ್ತು.

ಆದರೆ ವರದಿಯ ವಾದವು ಬಾಯಿಂದ ಬಾಯಿಗೆ ಹೋಗುತ್ತ ಮೂರು ತುಂಡು ಮಾತುಗಳಾಗಿ ಉಳಿಯಿತು: ನೀಲಗಿರಿ ನೀರು ಕುಡಿಯಿತು, ರಾಗಿ ಹೋಯಿತು, ಜನ ಹಸಿದರು. ಈ ಮೂರರಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಪುರಾವೆ ಬೇಕೆಂಬುದು ಮರೆತುಹೋಯಿತು.

ಮೊದಲನೆಯದನ್ನು ನೋಡೋಣ. 'ನೀಲಗಿರಿ ಹೆಚ್ಚು ನೀರು ಕುಡಿಯುತ್ತದೆಯೆ?' ಎಂಬ ಪ್ರಶ್ನೆಯ ಮೇಲೆ ಅರಣ್ಯಾಧಿಕಾರಿಗಳೂ ಪರಿಸರವಾದಿಗಳೂ ಹತ್ತು ವರ್ಷಕ್ಕೂ ಮೇಲ್ಪಟ್ಟು ವಾದಿಸಿದರು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ಅರಣ್ಯ ಇಲಾಖೆಯ ಸಹಕಾರದಿಂದ ಅಳತೆ ಮಾಡಿ, ೧೯೯೦ರ ದಶಕದ ಆರಂಭದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ಅಳತೆಯ ಸ್ಥಳಗಳಲ್ಲಿ ಮಾಲೂರಿನ ನೆರೆಯ ತಾಲ್ಲೂಕಾದ ಹೊಸಕೋಟೆಯೂ ಒಂದು. ಅವರು ಕಂಡದ್ದು ಹೀಗೆ: ಸಾಧಾರಣ ಆಳದ ಮಣ್ಣಿನಲ್ಲಿ ನೀಲಗಿರಿ ಬಳಸುವ ನೀರು ನಮ್ಮ ಒಣ ಕಾಡಿನ ಮರಗಳು ಬಳಸುವುದಕ್ಕಿಂತ ಹೆಚ್ಚಿಲ್ಲ, ಆದರೆ ಅದು ರಾಗಿಯ ಬೆಳೆ ಬಳಸುವುದರ ಸುಮಾರು ಎರಡರಷ್ಟು. ಹೊಸಕೋಟೆಯ ಆಳವಾದ ಮಣ್ಣಿನಲ್ಲಂತೂ ಅದು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತು. ಅಂದರೆ ಬೇರಿನಿಂದ ಹಳೆಯ ಸಂಗ್ರಹವನ್ನೂ ಎಳೆದುಕೊಂಡಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಾಡಿಗೆ ಹೋಲಿಸಿದ ಅರಣ್ಯಾಧಿಕಾರಿ 'ಹೆಚ್ಚಿಲ್ಲ' ಎಂದದ್ದೂ ನಿಜ, ರಾಗಿ ಹೊಲಕ್ಕೆ ಹೋಲಿಸಿದ ರೈತ 'ಹೆಚ್ಚು' ಎಂದದ್ದೂ ನಿಜ. ಇಬ್ಬರೂ 'ಯಾವುದಕ್ಕೆ ಹೋಲಿಸಿ' ಎಂಬ ಎರಡು ಪದಗಳನ್ನು ಬಿಟ್ಟರು. ಅದರಿಂದ ಹತ್ತು ವರ್ಷದ ವಾದ ಬೆಳೆಯಿತು. ಮಾಲೂರಿನ ತೋಪುಗಳು ಕಾಡನ್ನು ಕಡಿದ ಜಾಗದಲ್ಲಿ ಎದ್ದವೇ, ಹೊಲವನ್ನು ಬಿಟ್ಟ ಜಾಗದಲ್ಲಿ ಎದ್ದವೇ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಈ ವಿಷಯದಲ್ಲಿ 'ಆದುದರಿಂದ' ಎಂದು ಬರೆಯಲು ಯಾರಿಗೂ ಅಧಿಕಾರವಿಲ್ಲ. ಅಂತರ್ಜಲ ಇಳಿದುದಕ್ಕೆ ಈ ಮರವೊಂದನ್ನೇ ಹೊಣೆಮಾಡುವವರು, ಅದೇ ದಶಕಗಳಲ್ಲಿ ಕೊಳವೆಬಾವಿಗಳು ಹೆಚ್ಚಿ ಕೆರೆಗಳಲ್ಲಿ ಹೂಳು ತುಂಬಿದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು, ರಾಗಿ ಹೋದದ್ದು. ಇಲ್ಲಿ ಕಾಲಕ್ರಮವೇ ಒಂದು ಸಾಕ್ಷಿ. ನಂದಿಬೆಟ್ಟದಲ್ಲಿ ನೀಲಗಿರಿಯನ್ನು ಟಿಪ್ಪುವಿನ ಕಾಲದಲ್ಲಿಯೇ ನೆಟ್ಟರೆಂಬ ಹೇಳಿಕೆಯಿದೆ. ಮರವಿದ್ದುದೇ ಕಾರಣವಾಗಿದ್ದರೆ ರಾಗಿ ಎಂದೋ ಹೋಗಬೇಕಾಗಿತ್ತು. ಆದುದರಿಂದ ಕಾರಣ ಮರದಲ್ಲಿಲ್ಲ. ಮರವು ಬೆಟ್ಟದಿಂದ ಹೊಲಕ್ಕೆ ಇಳಿದುದರಲ್ಲಿದೆ. ಅದನ್ನು ಇಳಿಸಿದವರಾರು? ಸಸಿಗಳನ್ನು ಹಂಚಿದ ಇಲಾಖೆಯಿದೆ. ೧೯೮೩ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಬೆಳೆದ ಯೋಜನೆಯಿದೆ. ಹರಿಹರದ ಬಳಿಯ ರೇಯಾನ್ ತಿರುಳಿನ ಕಾರ್ಖಾನೆಯ ಬೇಡಿಕೆಯಿದೆ. ಬೆಂಗಳೂರಿನ ಕಟ್ಟಡಗಳಿಗೆ ಕಂಬಗಳು ಬೇಕಾಗಿದ್ದುವು, ಮಾಲೂರಿನ ಇಟ್ಟಿಗೆ ಹೆಂಚುಗಳ ಗೂಡುಗಳಿಗೆ ಸೌದೆ ಬೇಕಾಗಿತ್ತು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿಗೆ ಕೊಡಲು ಹೆದರಿದ ಹೊಲದೊಡೆಯನನ್ನೂ ಮರೆಯಬಾರದು. ಒಮ್ಮೆ ನೆಟ್ಟರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ, ಕಾವಲು ಬೇಡದ, ದನ ಮೇಯದ ಮರವು ಊರಲ್ಲಿಲ್ಲದ ಒಡೆಯನಿಗೆ ಹೇಳಿ ಮಾಡಿಸಿದ ಬೆಳೆ. ನಾಟಿ, ಕುಂಟೆ, ಕಳೆ, ಕೊಯ್ಲು, ಒಕ್ಕಣೆ ಎಂದು ಆಳುಗಳನ್ನು ಬೇಡುವ ರಾಗಿ ಅಂಥವನಿಗೆ ಹೊರೆ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಮರ ಇಲ್ಲಿ ಮಣ್ಣು ಹೊತ್ತ ಕತ್ತೆ; ಕುಂಬಾರನು ಬೇರೆ.

ಇನ್ನೊಂದು ಎಚ್ಚರಿಕೆ. ರಾಗಿಯ ವಿಸ್ತೀರ್ಣ ಕಡಿಮೆಯಾಯಿತೆಂದರೆ ರಾಗಿಯ ಉತ್ಪತ್ತಿಯೂ ಅಷ್ಟೇ ಪ್ರಮಾಣದಲ್ಲಿ ಇಳಿಯಿತೆಂದಲ್ಲ. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಬೆರಸಿ ಲಕ್ಷ್ಮಣಯ್ಯನವರು ತಯಾರಿಸಿದ ಇಂಡಾಫ್ ತಳಿಗಳು ಇದೇ ೧೯೭೦ರ ದಶಕದಲ್ಲಿ ಹೊಲಕ್ಕೆ ಬಂದು ಎಕರೆಯ ಇಳುವರಿಯನ್ನು ಹೆಚ್ಚಿಸಿದುವು. ವಿಸ್ತೀರ್ಣದ ಅಂಕಿಯನ್ನು ಕೊಟ್ಟು ಹಸಿವಿನ ತೀರ್ಮಾನಕ್ಕೆ ಹಾರುವವರು ಈ ಸಂಗತಿಯನ್ನು ದಾಟಿಯೇ ಹೋಗಬೇಕು. ಒಂದೇ ಒಂದು ಬರದ ವರ್ಷವನ್ನು ಕೊನೆಯ ವರ್ಷವಾಗಿ ಇಟ್ಟುಕೊಂಡು ಇಳಿತವನ್ನು ತೋರಿಸುವುದೂ ಇದೇ ಜಾತಿಯ ದೋಷ.

ಮೂರನೆಯದು, ಹಸಿವು. ಹೊಲದೊಡೆಯನ ಮನೆಯಲ್ಲಿ ರಾಗಿ ಹೋದರೂ ಮರದ ದುಡ್ಡು ಬಂದಿತು. ಕಳೆ ಕಿತ್ತು ಕೂಲಿಯಾಗಿ ಕಾಳನ್ನೇ ಪಡೆಯುತ್ತಿದ್ದ ಹೆಂಗಸಿನ ಮನೆಯಲ್ಲಿ ಕಾಳೂ ಹೋಯಿತು, ಕೂಲಿಯೂ ಹೋಯಿತು. ರಾಗಿಹುಲ್ಲು ಹೋಗಿ ಒಂದು ಹಸುವಿನ ಮೇವೂ ಹೋಯಿತು. ೨೦೧೧ರ ಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇಕಡಾ ೩೦ರಷ್ಟು. ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದೇ ಹೆಚ್ಚು. ಇವರಲ್ಲಿ ಬಹುಮಂದಿ ಸ್ವಂತ ಹೊಲಕ್ಕಿಂತ ಇತರರ ಹೊಲದ ಕೆಲಸವನ್ನೇ ನಂಬಿದವರು. 'ಜನ ಹಸಿದರು' ಎಂಬ ಮಾತಿನ 'ಜನ'ವನ್ನು ಬಿಡಿಸಿ ಬರೆಯದೆ ಹೋದರೆ ವಾದವು ಕರುಣೆಯಾಗಿ ಉಳಿಯುತ್ತದೆಯೇ ಹೊರತು ಚರಿತ್ರೆಯಾಗದು.

೫

ಈ ವಾದವನ್ನು ಪರೀಕ್ಷಿಸುವ ಅನುಕೂಲ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೇ ಇದೆ. ಮಾಲೂರು ನೀಲಗಿರಿಗೆ ಹೆಸರಾಯಿತು. ಶ್ರೀನಿವಾಸಪುರ ಮಾವಿಗೆ ಹೆಸರಾಯಿತು. ಮುಳಬಾಗಿಲಿನಲ್ಲಿ ಮಾವೂ ಟೊಮ್ಯಾಟೊವೂ ಬಂದುವು. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ಇಡೀ ಏಷ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ಈ ನಾಲ್ಕರಲ್ಲಿಯೂ ರಾಗಿಯ ಹೊಲ ಸಮಾನವಾಗಿ ಕುಗ್ಗಿದ್ದರೆ, ನೀಲಗಿರಿಯನ್ನು ಮುಖ್ಯ ಕಾರಣವೆನ್ನಲಾಗದು. ದುಡ್ಡಿನ ಬೆಳೆ, ಆಳಿನ ಕೊರತೆ, ಅಗ್ಗದ ಪಡಿತರ ಅಕ್ಕಿ ಇಂಥ ಸಾಮಾನ್ಯ ಕಾರಣವನ್ನು ಹುಡುಕಬೇಕು. ಮಾಲೂರಿನಲ್ಲಿ ಮಾತ್ರ ಹೆಚ್ಚಾಗಿ ಕುಗ್ಗಿದ್ದರೆ, ಆಗ ನೀಲಗಿರಿಯ ವಾದಕ್ಕೆ ಬಲ ಬರುತ್ತದೆ. ಮಾವು ನೀಲಗಿರಿಗಳು ಆಳನ್ನು ಕಡಿಮೆ ಮಾಡುವ ಬೆಳೆಗಳು. ಟೊಮ್ಯಾಟೊ ಆಳನ್ನು ಬೇಡುವ ಬೆಳೆ. ಆದ್ದರಿಂದ ರಾಗಿ ಹೋದ ಎರಡು ಹಳ್ಳಿಗಳಲ್ಲಿ, ಒಂದರಲ್ಲಿ ಕೂಲಿ ಉಳಿದು ಇನ್ನೊಂದರಲ್ಲಿ ಹೋಗಿದ್ದರೆ, ಹಸಿವಿನ ಕಾರಣ ರಾಗಿಯೋ ಕೂಲಿಯೋ ಎಂಬುದೂ ತಿಳಿಯುತ್ತದೆ.

ಇದಕ್ಕೆ ಬೇಕಾದ ಆಕರಗಳು ದೂರದಲ್ಲಿಲ್ಲ. ತಾಲ್ಲೂಕು ಕಚೇರಿಯ ಪಹಣಿ, ಬೆಳೆಯ ವಾರ್ಷಿಕ ಅಂಕಿಗಳು, ಹಳೆಯ ಕೂಲಿಯವರ ನೆನಪು ಇವು ಸಾಕು. ಆದರೆ ಪ್ರಬಂಧವನ್ನು ಬರೆದ ಮೇಲೆ ಪುರಾವೆಯನ್ನು ಹುಡುಕುವ ಪದ್ಧತಿಯನ್ನು ಬಿಡಬೇಕು. ತನ್ನ ವಾದವನ್ನು ಸುಳ್ಳುಮಾಡಬಲ್ಲ ಹಳ್ಳಿ ಯಾವುದೆಂದು ಮೊದಲೇ ಯೋಚಿಸಿ ಅಲ್ಲಿಗೆ ಹೋಗುವ ವಿದ್ಯಾರ್ಥಿಯೇ ನಿಜವಾದ ಸಂಶೋಧಕನೆಂದು ನಾವು ಭಾವಿಸುತ್ತೇವೆ.

೬

೨೦೧೭ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರವೇ ಕಾರಣವೆಂದು ನಂಬಿದವರಿಗೆ ಇದು ಕಥೆಯ ಮುಕ್ತಾಯ. ಆದರೆ ಮೇಲಿನ ವಿಚಾರ ಸರಿಯಾಗಿದ್ದರೆ, ಮರ ಹೋದ ಜಾಗಕ್ಕೆ ರಾಗಿ ತಾನಾಗಿ ಬರುವುದಿಲ್ಲ. ಆಳಿನ ಕೂಲಿ, ರಾಗಿಯ ಬೆಲೆ, ಹೊಲದೊಡೆಯನು ಊರಲ್ಲಿರುವುದು ಇಲ್ಲದಿರುವುದು ಇವು ಹಾಗೆಯೇ ಉಳಿದರೆ, ಆ ಜಾಗಕ್ಕೆ ಇನ್ನೊಂದು ಮರವೋ ನಿವೇಶನದ ಕಲ್ಲೋ ಬರುತ್ತದೆ. ಕ್ಷಾಮದ ವಿಷಯದಲ್ಲಿಯೂ ಹೀಗೆಯೇ: ಮಳೆಯೊಂದೇ ಕಾರಣವೆಂದು ಬರೆದವರಿಗೆ ಪರಿಹಾರವಾಗಿ ಉಳಿಯುವುದು ಪ್ರಾರ್ಥನೆಯೊಂದೇ. ಕೂಲಿ ನಿಂತಿತೆಂದು ಕಂಡವರಿಗೆ, ಅದು ನಿಂತ ದಿನವೇ ಕೆಲಸವನ್ನು ಒದಗಿಸಬೇಕೆಂಬ ಕ್ಷಾಮಸಂಹಿತೆ ೧೮೮೦ರ ದಶಕದಲ್ಲಿ ಹೊಳೆಯಿತು.

ನಮ್ಮ ವಿದ್ಯಾರ್ಥಿಗಳಿಗೆ 'ಆದುದರಿಂದ' ಎಂಬ ಪದವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಕಾರಣವನ್ನು ಹೇಳಲು ಅಂಜಿ, ಸಂಗತಿಗಳನ್ನು ಸಾಲಾಗಿ ಜೋಡಿಸಿ ಸುಮ್ಮನಾಗುವ ಚರಿತ್ರೆಗಿಂತ, ತಪ್ಪಿದರೂ ತಿದ್ದಬಹುದಾದ ಕಾರಣವನ್ನು ಧೈರ್ಯವಾಗಿ ಹೇಳುವ ಚರಿತ್ರೆ ಮೇಲು. ೧೯೮೧ರ ವರದಿಯನ್ನು ನಾವು ಗೌರವಿಸುವುದು ಈ ಧೈರ್ಯಕ್ಕಾಗಿಯೇ. ಅದು ಹೇಳಿದ್ದರಿಂದಲೇ ಇತರರು ಅಳೆದು ನೋಡಿದರು. ಆದರೆ ಆ ಪದವನ್ನು ಬರೆಯುವ ಮುನ್ನ ಅದರ ಎರಡು ಪಕ್ಕಗಳನ್ನೂ ನೋಡಬೇಕು. ಒಂದು ಪಕ್ಕದಲ್ಲಿ ಮಳೆಯೋ ಮರವೋ ಇರಬಹುದು. ಇನ್ನೊಂದು ಪಕ್ಕದಲ್ಲಿ ಉರಿಯದ ಒಲೆಯಿರಬಹುದು. ಇವೆರಡರ ನಡುವೆ ನಿಶ್ಚಯಮಾಡಿದ ಮನುಷ್ಯರು ಯಾರು ಎಂಬುದನ್ನು ಬರೆದರೆ, ಕೋಲಾರ ಸೀಮೆಯ ಆಹಾರಚರಿತ್ರೆ ನಿಜವಾಗಿ ಆರಂಭವಾಯಿತೆಂದು ತಿಳಿಯಬಹುದು.